ಅಣಬೆಯಿಂದ ಕ್ಯಾನ್ಸರ್ ಕೊಲ್ಲುವ ಕ್ರಮ: ಮಂಡ್ಯ, ಮದ್ದೂರು, ಮಳವಳ್ಳಿ ಬಳಕೆದಾರರಿಗೆ ಕೈಪಿಡಿ

ಈ ಕೈಪಿಡಿಯನ್ನು ಪೂರ್ತಿ ಓದಿ ಮುಗಿಸಿದ ಮೇಲೆಯೇ ಅಣಬೆಗೆ ಕೈ ಹಾಕತಕ್ಕದ್ದು. ಮಿಕ್ಸಿ ಕೊಂಡಾಗಲೂ ಹೀಗೇ ಬರೆದಿರುತ್ತಾರೆ, ಯಾರೂ ಓದುವುದಿಲ್ಲ, ನನಗೂ ಗೊತ್ತು. ಆದರೆ ಮಿಕ್ಸಿಯ ಪುಸ್ತಕ ಓದದಿದ್ದರೆ ಹೆಚ್ಚೆಂದರೆ ಒಂದು ದಿನದ ಚಟ್ನಿ ತಪ್ಪೀತು. ಇದನ್ನು ಅರ್ಧ ಓದಿ ಎದ್ದವರು ನೇರವಾಗಿ ಪುಡಿ ಡಬ್ಬಿ ಹಿಡಿದುಕೊಂಡು ಕಾಯಿಲೆಯವರ ಮನೆಗೆ ಹೋಗುತ್ತಾರೆ. ಪೂರ್ತಿ ಓದಿದವರು ತೆಪ್ಪಗೆ ತಮ್ಮ ಮನೆಯಲ್ಲಿರುತ್ತಾರೆ. ಖಾತರಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಮಾತ್ರ. ಶ್ರೀರಂಗಪಟ್ಟಣ ದಾಟಿದರೆ ನಮ್ಮ ಜವಾಬ್ದಾರಿ ಇಲ್ಲ.

ಬೇಕಾಗುವ ಸಾಮಗ್ರಿ

ಒಂದು ಅಣಬೆ. ಒಂದು ಮಚ್ಚು. ಎರಡು ಲೀಟರ್ ಮೆಥನಾಲ್. 1951ರಲ್ಲಿ ತೀರಿಕೊಂಡ ಅಮೆರಿಕದ ಒಬ್ಬ ಹೆಂಗಸಿನ ಜೀವಕೋಶಗಳು. ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಂ. 96 ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಪಡ್ಡಿನ ಕಾವಲಿಯನ್ನು ಅಂಗೈಯಗಲಕ್ಕೆ ಕುಗ್ಗಿಸಿದರೆ ಹೇಗೋ ಹಾಗೆ. ಕರೆಂಟು, ಸಿಕ್ಕಿದಷ್ಟು. ಮಾರ್ಗದರ್ಶಕರೊಬ್ಬರು, ಸಿಕ್ಕಿದಾಗ.

ಹಂತ 1: ಅಣಬೆ ಆರಿಸುವುದು

ನಮ್ಮ ಕಡೆ ಅಣಬೆ ಅಂದರೆ ಎರಡೇ ಬಗೆ ಇದ್ದವು: ಸಾರಿಗೆ ಆಗುವಂಥದು, ಸಾವಿಗೆ ಆಗುವಂಥದು. ಔಷಧಿಗೆ ಆಗುವಂಥದು ಎಂಬ ಮೂರನೆಯದು ಈಚೆಗೆ ಸೇರಿದ್ದು.

ಮುಂಗಾರಿನ ಗುಡುಗಿಗೆ ಹುತ್ತದ ಮೇಲೆ ಏಳುವ ಅಣಬೆಯನ್ನು ಪ್ರಯೋಗಕ್ಕೆ ತರಲು ಹೋಗಬೇಡಿ. ಮುತ್ತತ್ತಿಯ ಕಾಡಿನಂಚಿನಿಂದ ಮಂಡ್ಯಕ್ಕೆ ಬರುವಷ್ಟರಲ್ಲಿ ಅದು ಯಾರದಾದರೂ ಮನೆಯ ಸಾರಿನಲ್ಲಿ ಬೆಂದಿರುತ್ತದೆ. ಬೇಕಾದಾಗ ಬೆಳೆದುಕೊಳ್ಳೋಣವೆಂದರೆ ಅದರ ಬೇಸಾಯ ಗೊತ್ತಿರುವುದು ಗೆದ್ದಲಿಗೆ. ಹುತ್ತದೊಳಗೆ ತೋಟ ಮಾಡಿಕೊಂಡು ಬೆಳೆಯುತ್ತದೆ, ನಮಗೆ ಗುಟ್ಟು ಬಿಟ್ಟುಕೊಟ್ಟಿಲ್ಲ. ಭತ್ತದ ಹುಲ್ಲಿನ ಚೀಲದಲ್ಲಿ ಬೆಳೆಯುವ ಚಿಪ್ಪು ಅಣಬೆ ಸುಲಭವಾಗಿ ಸಿಗುತ್ತದೆ. ಚೀಲಕ್ಕೆ ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ಹತ್ತದಂತೆ ಕಾದರಾಯಿತು. ಆದರೆ ಪೊಟ್ಟಣದಲ್ಲಿ ಮಾರುವ ತರಕಾರಿಗೆ ಮಹಿಮೆ ಎಲ್ಲಿಂದ ಬರಬೇಕು?

ಮಹಿಮೆ ಬೇಕಾದರೆ ತೆಂಗಿನ ತೋಟಕ್ಕೆ ಹೋಗಿ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ಹೊರಡುವ ಸೀಮೆ ಇದು, ತೋಟಕ್ಕೆ ಬರವಿಲ್ಲ. ಹಳೆಯ ಮರವೊಂದರ ಬುಡದಲ್ಲಿ, ನೆಲಕ್ಕೆ ಒಂದೆರಡು ಅಡಿಯೊಳಗೆ, ಮೆರುಗೆಣ್ಣೆ ಬಳಿದ ಹಾಗೆ ಹೊಳೆಯುವ ಕಂದುಗೆಂಪಿನ, ಅಂಚು ಬೆಳ್ಳಗಿರುವ, ಮರದಷ್ಟೇ ಗಟ್ಟಿಯಾದ ತಟ್ಟೆಯೊಂದು ಹೊರಚಾಚಿದ್ದರೆ ಅದೇ. ಶಾಸ್ತ್ರದ ಹೆಸರು ಗ್ಯಾನೋಡರ್ಮಾ, ಗ್ರೀಕಿನಲ್ಲಿ ಹೊಳೆಯುವ ಚರ್ಮ. ತೋಟದ ಯಜಮಾನರನ್ನು ಮಾತ್ರ ಹಾಗೆ ಕೇಳಬೇಡಿ.

"ಅಣಬೆ ರೋಗ ಬಂದಿರೋ ಮರ ಅವಾ?"

"ಅವೆ ಕನ ಸಾ. ಮೂರು ಹೋದೊ. ಯಾಕೆ, ಸಬ್ಸಿಡಿ ಏನಾರ ಬಂದದಾ?"

ಸಬ್ಸಿಡಿ ಇಲ್ಲ ಎಂದ ಮೇಲೂ ಅವರು ಎಳನೀರು ಕೆತ್ತಿ ಕೊಡುತ್ತಾರೆ. ಕುಡಿಯುತ್ತಾ ಮರ ನೋಡಿ. ಕೆಳಗಿನ ಗರಿಗಳು ಹಳದಿಯಾಗಿ ಜೋತುಬಿದ್ದಿರುತ್ತವೆ, ಬುಡದಿಂದ ಕಂದು ರಸ ಸೋರಿ ಒಣಗಿರುತ್ತದೆ. ಅಣಬೆ ಹೊರಗೆ ಮುಖ ತೋರಿಸುವ ಹೊತ್ತಿಗೆ ಬೇರೂ ಕಾಂಡದ ಒಳಗೂ ಬಹುಪಾಲು ಕೊಳೆತಾಗಿದೆ. ಇದೇ ಜಾತಿಯನ್ನು ಜಪಾನಿನವರು ರೇಶಿ, ಚೀನದವರು ಲಿಂಗ್‌ಝಿ ಎಂದು ಕರೆದು ದೀರ್ಘಾಯುಷ್ಯಕ್ಕೆ ತಿನ್ನುತ್ತಾ ಬಂದಿದ್ದಾರೆ. ಬೆಂಗಳೂರಿನ ಮಾಲಿನಲ್ಲಿ ಕ್ಯಾಪ್ಸೂಲು, ಮದ್ದೂರಿನ ತೋಟದಲ್ಲಿ ರೋಗ. ಮಚ್ಚಿನಿಂದ ಬಿಡಿಸಿಕೊಂಡು ಬ್ಯಾಗಿಗೆ ಹಾಕಿ. ಯಜಮಾನರು ಕಾಸು ಕೇಳುವುದಿಲ್ಲ. ಹೋದರೆ ಸಾಕು ಅನ್ನುತ್ತಾರೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಚೀಟಿಯ ಮೇಲೆ ಎಲ್ಲರೂ ಗ್ಯಾನೋಡರ್ಮಾ ಲೂಸಿಡಮ್ ಎಂದು ಬರೆಯುತ್ತಾರೆ. ಲೂಸಿಡಮ್ ಅನ್ನು ಕರ್ಟಿಸ್ ಎಂಬಾತ 1781ರಲ್ಲಿ ಇಂಗ್ಲೆಂಡಿನ ಅಣಬೆ ನೋಡಿ ಹೆಸರಿಸಿದ್ದು. ಚೀನದಲ್ಲಿ ಬೆಳೆಯುವುದು ಅದಲ್ಲವೇ ಅಲ್ಲ, ಬೇರೆ ಪ್ರಭೇದ ಎಂದು 2012ರಲ್ಲಿ ಚೀನದ ವಿಜ್ಞಾನಿಗಳೇ ಬರೆದರು. ಹಾಗಾದರೆ ಮದ್ದೂರಿನ ತೆಂಗಿನ ಬುಡದಲ್ಲಿ ಕೂತಿರುವುದು ಯಾವುದು? ಡಿಎನ್‌ಎ ಓದಿಸಿ ನೋಡಬಹುದು. ಓದಿಸಿದರೆ ನೀವು ಇದುವರೆಗೆ ಓದಿದ ಪ್ರಬಂಧಗಳಲ್ಲಿ ಅರ್ಧ ಯಾವ ಅಣಬೆಯ ಮೇಲೆ ನಡೆದವು ಎಂಬ ಅನುಮಾನ ಹುಟ್ಟುತ್ತದೆ, ನಿದ್ದೆ ಕೆಡುತ್ತದೆ.

ಇಲ್ಲಿ ಕೈಪಿಡಿಗೆ ಸಂಬಂಧಪಡದ ಒಂದು ಮಾತು. ಮಂಡ್ಯದ ಸಕ್ಕರೆಯ ಹಿಂದೆ ಒಬ್ಬ ಬೂಷ್ಟು ತಜ್ಞ ಇದ್ದರು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದದ್ದು ಶಿಲೀಂಧ್ರ ಮತ್ತು ಕೀಟಗಳನ್ನು ನೋಡಿಕೊಳ್ಳಲು. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಕೂತು ಅಭ್ಯಾಸ ಮಾಡಿ, ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ಕಲಿಸಿದವರು. ಆಮೇಲೆ ಕೃಷಿ ಇಲಾಖೆಯ ಮುಖ್ಯಸ್ಥರಾದರು. 1933ರಲ್ಲಿ ನಮ್ಮೂರಿನ ಸಕ್ಕರೆ ಕಾರ್ಖಾನೆ ಎದ್ದದ್ದರಲ್ಲಿ ಅವರ ಪಾಲು ದೊಡ್ಡದು. ಅವರ ಕಾಲದಲ್ಲಿ ಬೂಷ್ಟನ್ನು ಕೊಲ್ಲುವುದು ಹೇಗೆಂದು ಸಂಬಳ ಕೊಡುತ್ತಿದ್ದರು. ಈಗ ಬೂಷ್ಟು ಯಾರನ್ನು ಕೊಲ್ಲುತ್ತದೆಂದು ಫೆಲೋಶಿಪ್ ಕೊಡುತ್ತಾರೆ.

ಹಂತ 2: ರಸ ತೆಗೆಯುವುದು

ಅಣಬೆಯನ್ನು ನೆರಳಲ್ಲಿ ಒಣಗಿಸಿ, ಕತ್ತರಿಸಿ, ಪುಡಿ ಮಾಡಿ. ಮನೆಯ ಮಿಕ್ಸಿಯಲ್ಲಿ ಮಾಡಬೇಡಿ. ಬ್ಲೇಡು ಹೋಗುತ್ತದೆ, ಅದಕ್ಕಿಂತ ಮೊದಲು ಮನೆಯವರ ನಂಬಿಕೆ ಹೋಗುತ್ತದೆ. ಪುಡಿಯನ್ನು ಮೆಥನಾಲ್‌ನಲ್ಲಿ ಗಂಟೆಗಟ್ಟಲೆ ಕುದಿಸಿ ಇಳಿಸಿ, ಮೆಥನಾಲ್ ಹಾರಿಸಿಬಿಟ್ಟರೆ ಸೀಸೆಯ ತಳದಲ್ಲಿ ಆಲೆಮನೆಯ ಕೊಪ್ಪರಿಗೆಗೆ ಹತ್ತಿದ ಅಂಟಿನಂಥದೊಂದು ಉಳಿಯುತ್ತದೆ. ಅದೇ ರಸ.

ಚೀನದ ಅಜ್ಜಿ ಇದನ್ನು ನೀರಲ್ಲಿ ಕುದಿಸಿ ಕುಡಿದಳು. ನಾವೇಕೆ ಮೆಥನಾಲ್ ಹಾಕುತ್ತೇವೆ? ಕೋಶಗಳನ್ನು ನೇರವಾಗಿ ಸಾಯಿಸುವ ಟ್ರೈಟರ್ಪೀನ್ ಎಂಬ ಕಹಿ ವಸ್ತುಗಳು ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಮೆಥನಾಲ್‌ಗೆ ಇಳಿಯುತ್ತವೆ. ನೀರಿನ ಕಷಾಯ ತಟ್ಟೆಯಲ್ಲಿ ಪೆಚ್ಚುಮೋರೆ ಹಾಕುತ್ತದೆ, ಮೆಥನಾಲ್ ರಸ ಮಾನ ಉಳಿಸುತ್ತದೆ. ಪ್ರಬಂಧಕ್ಕೆ ಮೆಥನಾಲ್ ರಸವೇ ಹೋಗುತ್ತದೆ. ಕಳ್ಳಭಟ್ಟಿ ಕುಡಿದು ಕಣ್ಣು ಹೋಯಿತು ಅಂತ ಪತ್ರಿಕೆಯಲ್ಲಿ ಓದುತ್ತೀರಲ್ಲ, ಆ ಕಣ್ಣು ತೆಗೆಯುವುದೇ ಈ ಮೆಥನಾಲ್. ಪ್ರಬಂಧ ಓದಿ ಪುಡಿ ಕೊಳ್ಳುವವರು ಮನೆಯಲ್ಲಿ ಬಿಸಿನೀರಿಗೆ ಕದಡಿ ಕುಡಿಯುತ್ತಾರೆ. ಅಂದರೆ ಪರೀಕ್ಷೆ ಆದದ್ದು ಒಂದು, ಹೊಟ್ಟೆಗೆ ಹೋದದ್ದು ಇನ್ನೊಂದು.

ಹಂತ 3: ಕೋಶ ಸಾಕುವುದು

ಈ ದೇಶದ ಬಹುಪಾಲು ಪ್ರಯೋಗಾಲಯಗಳು ಕ್ಯಾನ್ಸರ್ ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸುತ್ತವೆ. ಬಂದವರನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಡಬೇಕು. ಹಸುವಿಗೆ ಇಂಜೆಕ್ಷನ್ ಮಾಡಲು ಬರುವವರು ಬೈಕಿನ ಹಿಂದೆ ಕಟ್ಟಿಕೊಂಡು ಬರುವ, ಮುಚ್ಚಳ ತೆಗೆದರೆ ಹೊಗೆಯಾಡುವ ಕ್ಯಾನು ನೋಡಿದ್ದೀರಲ್ಲ, ಅದೇ ವಸ್ತು. ಹಾಲಿನ ಜಿಲ್ಲೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಹೀಲಾ ಎಂಬ ಕೋಶಗಳು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳವು. 1951ರಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ, ಗರ್ಭಕೊರಳಿನ ಕ್ಯಾನ್ಸರಿನ ಗಡ್ಡೆಯಿಂದ, ಅವಳನ್ನು ಒಂದು ಮಾತು ಕೇಳದೆ ತೆಗೆದದ್ದು. ಅದೇ ವರ್ಷ ಅವಳು 31ರ ಪ್ರಾಯಕ್ಕೆ ತೀರಿಕೊಂಡಳು. ಕೋಶಗಳು ಇನ್ನೂ ಬೆಳೆಯುತ್ತಿವೆ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರಿನ ಕೋಶಗಳು ಅಮೆರಿಕದ ಮಿಷಿಗನ್‌ನ ಒಬ್ಬ ಕ್ರೈಸ್ತ ಸನ್ಯಾಸಿನಿಯವು. 1973ರಲ್ಲಿ ಲೋಕಕ್ಕೆ ಪರಿಚಯವಾದವು. ಮಂಡ್ಯ ಜಿಲ್ಲೆಯ ಅಣಬೆ ಕ್ಯಾನ್ಸರ್ ಗೆದ್ದಿತು ಎಂದು ಯಾರಾದರೂ ಹೇಳಿದರೆ, ಅದು ಗೆದ್ದದ್ದು ಅರ್ಧ ಶತಮಾನದ ಹಿಂದೆ ತೀರಿಕೊಂಡ ಈ ಇಬ್ಬರಲ್ಲಿ ಒಬ್ಬರ ಕೋಶಗಳನ್ನು ಎಂದು ತಿಳಿಯಿರಿ.

ಕೋಶಗಳನ್ನು ಹಬ್ಬಕ್ಕೆ ಬಂದ ಹೊಸ ಅಳಿಯನ ಹಾಗೆ ನೋಡಿಕೊಳ್ಳಬೇಕು. 37 ಡಿಗ್ರಿ ಬಿಸಿ, ನೂರಕ್ಕೆ 5ರಷ್ಟು ಇಂಗಾಲದ ಡೈಆಕ್ಸೈಡ್, ಎರಡು ದಿನಕ್ಕೊಮ್ಮೆ ಹೊಸ ಊಟ, ಊಟದಲ್ಲಿ ಹತ್ತರಲ್ಲೊಂದು ಪಾಲು ಆ ಕರುವಿನ ಸೀರಂ. ಅಣಬೆ ಶುದ್ಧ ಸಸ್ಯಾಹಾರಿ ಔಷಧ ಎಂದು ಭಾಷಣ ಮಾಡುವವರು ಈ ವಾಕ್ಯ ಹಾರಿಸಿ ಓದಿಕೊಳ್ಳಬಹುದು.

ಬಹು ಮುಖ್ಯ: ತೋಟಕ್ಕೆ ಹೋದ ಬಟ್ಟೆಯಲ್ಲಿ ಈ ಕೋಣೆಗೆ ಕಾಲಿಡಬಾರದು. ಅಣಬೆ ಜಾತಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಕಣ್ಣಾರೆ ಕಂಡ, ಸಂಶಯಕ್ಕೆ ಎಡೆಯಿಲ್ಲದ ಉತ್ತರ ಇದೆ. ಗಾಳಿಯಲ್ಲಿ ತೇಲಿಬಂದ ಯಾವುದೋ ಬೂಷ್ಟಿನ ಒಂದೇ ಬೀಜ ಸೀಸೆಗೆ ಬಿದ್ದು, ಎರಡು ರಾತ್ರಿಯಲ್ಲಿ ತುಪ್ಪಳ ಬಿಟ್ಟು, ಮೂರು ತಿಂಗಳು ಸಾಕಿದ ಕೋಶಗಳನ್ನೆಲ್ಲ ನುಂಗಿ ಕೂತಿತ್ತು. ರಸ ತೆಗೆಯಲಿಲ್ಲ, ಅಳೆಯಲಿಲ್ಲ, ನೂರಕ್ಕೆ ನೂರು ಫಲ. ಪ್ರಕಟಿಸಲು ಮಾರ್ಗದರ್ಶಕರು ಒಪ್ಪಲಿಲ್ಲ.

ಹಂತ 4: ರಸ ಹಾಕಿ 48 ಗಂಟೆ ಕಾಯುವುದು

ಕಾಯಿರಿ. ಮದ್ದೂರು ವಡೆ ತಿನ್ನಬಹುದು, ಲ್ಯಾಬಿನ ಹೊರಗೆ.

ಹಂತ 5: ಬಣ್ಣ ನೋಡುವುದು

ಸತ್ತದ್ದೆಷ್ಟು, ಬದುಕಿದ್ದೆಷ್ಟು ಎಂದು ಎಣಿಸಲು 1983ರಲ್ಲಿ ಮಾಸ್ಮನ್ ಎಂಬಾತ ಒಂದು ಸುಲಭ ದಾರಿ ತೋರಿಸಿದ. ಎಂಟಿಟಿ ಎಂಬ ಹಳದಿ ಪುಡಿಯ ನೀರನ್ನು ಗುಳಿಗಳಿಗೆ ಹಾಕಿ ನಾಲ್ಕು ಗಂಟೆ ಬಿಟ್ಟರೆ, ಜೀವ ಇರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ಅರಿಶಿನದ ನೀರಿಗೆ ಸುಣ್ಣ ಬಿದ್ದು ಓಕುಳಿಯಾದ ಹಾಗೆ ಬಣ್ಣ ತಿರುಗುತ್ತದೆ. ಸತ್ತ ಕೋಶದ ಗುಳಿ ಹಳದಿಯಾಗೇ ಉಳಿಯುತ್ತದೆ. ಲೋಕಕ್ಕೆಲ್ಲ ಹಳದಿ ಅಂದರೆ ಕಾಮಾಲೆ. ನಮಗೆ ಮಾತ್ರ ಶುಭಸೂಚಕ.

ಅಣಬೆಯ ರಸ ಕೆಲವೊಮ್ಮೆ ಕೋಶದ ಹಂಗಿಲ್ಲದೆ ತಾನೇ ಹಳದಿಯನ್ನು ನೇರಳೆ ಮಾಡಿಬಿಡುತ್ತದೆ. ರಸದ ಸ್ವಂತ ಕಂದುಬಣ್ಣವೂ ಲೆಕ್ಕ ಕೆಡಿಸುತ್ತದೆ. ಆದ್ದರಿಂದ ಕೋಶವೇ ಇಲ್ಲದ ಒಂದಷ್ಟು ಗುಳಿಗೆ ರಸ ಹಾಕಿ ನೋಡಬೇಕು. ಕ್ಯಾನ್ಸರ್ ಇಲ್ಲದ ಸಾಮಾನ್ಯ ಕೋಶಗಳಿಗೂ ಹಾಕಿ ನೋಡಬೇಕು. ಉಪ್ಪು ಹೆಚ್ಚಾದರೆ ಕೋಶ ಸಾಯುತ್ತದೆ, ಸಾರಾಯಿ ಹೆಚ್ಚಾದರೆ ಸಾಯುತ್ತದೆ, ರಸ ಕರಗಿಸಲು ಬಳಸಿದ ದ್ರಾವಕವೇ ಹೆಚ್ಚಾದರೂ ಸಾಯುತ್ತದೆ. ಕೊಲ್ಲುವುದು ಒಂದು ವಿದ್ಯೆಯೇ ಅಲ್ಲ. ಕೆಟ್ಟವನನ್ನು ಮುಟ್ಟಿ ಪಕ್ಕದವನನ್ನು ಬಿಡುವುದು ವಿದ್ಯೆ. ಸಾಮಾನ್ಯ ಕೋಶಗಳ ಆ ಗುಳಿಗಳನ್ನು ಸೀರಂ ದುಬಾರಿ ಎಂದು ಕೈಬಿಟ್ಟ ಪ್ರಬಂಧ ಸಿಕ್ಕಿದರೆ ಅಲ್ಲಿಗೇ ಮಡಿಚಿಡಿ.

ಹಂತ 6: ಲೆಕ್ಕ

ಅರ್ಧ ಕೋಶಗಳು ಸಾಯಲು ಎಷ್ಟು ರಸ ಬೇಕೋ ಅದು ನಿಮ್ಮ ಅಂಕ, ಐಸಿ-50 ಎಂದು ಅದರ ಹೆಸರು. ನಿಮಗೆ ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಬಂತು ಎಂದಿಟ್ಟುಕೊಳ್ಳಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಳೆಯ ಲೆಕ್ಕದಲ್ಲಿ ಕಚ್ಚಾ ರಸಕ್ಕೆ 20ರಿಂದ 30ರೊಳಗೆ ಬಂದರಷ್ಟೇ ಮುಂದಿನ ಮಾತು. ಆದರೂ ಬಿಡುವುದು ಬೇಡ, ಮನುಷ್ಯನಿಗೆ ಹಾಕಿ ನೋಡೋಣ, ಕಾಗದದ ಮೇಲೆ.

ಮೈಯಲ್ಲಿ ರಕ್ತ ಸುಮಾರು 5 ಲೀಟರ್. ಅಷ್ಟಕ್ಕೂ ಈ ಹದ ಬರಲು ಅರ್ಧ ಗ್ರಾಂ ರಸ ಸಾಕು. ಇಷ್ಟೇನಾ, ಒಂದು ಚಿಟಿಕೆ! ತಾಳಿ. ಗಡ್ಡೆ ರಕ್ತದಲ್ಲಿ ತೇಲುತ್ತಿಲ್ಲ, ಮೈಯೊಳಗಿದೆ. ಮೈಯ ನೀರೆಲ್ಲ ಸೇರಿದರೆ 40 ಲೀಟರ್ ಹತ್ತಿರ. ಆಗ 4 ಗ್ರಾಂ ರಸ. ನೂರು ಗ್ರಾಂ ಪುಡಿಗೆ 5 ಗ್ರಾಂ ರಸ ಸಿಕ್ಕಿತೆಂದರೆ, 80 ಗ್ರಾಂ ಪುಡಿ ಒಂದೇ ಸಲಕ್ಕೆ. ಅದರಲ್ಲಿ ಒಂದು ಕಣವೂ ಹೊಟ್ಟೆಯಲ್ಲಿ ಜೀರ್ಣವಾಗದೆ, ಕರುಳಿನಲ್ಲಿ ಹಾಗೇ ಹೊರಗೆ ಹೋಗದೆ, ಪೂರ್ತಿ ರಕ್ತಕ್ಕೆ ಇಳಿಯಬೇಕು. ಇಳಿದ ಮೇಲೆ 48 ಗಂಟೆ ಯಕೃತ್ತೂ ಮೂತ್ರಪಿಂಡವೂ ರಜೆಯ ಮೇಲೆ ಹೋಗಬೇಕು. ಕ್ಯಾಪ್ಸೂಲಿನ ಡಬ್ಬಿಯ ಹಿಂದೆ ಬರೆದಿರುವ ತೂಕವನ್ನು ಈಗ ಒಮ್ಮೆ ಓದಿ.

ಹಂತ 7: ಬರೆಯುವುದು

ಶೀರ್ಷಿಕೆಯಲ್ಲಿ ‘ಮೊದಲ ಬಾರಿಗೆ’ ಎಂದಿರಲಿ. ಜಗತ್ತಿನಲ್ಲಿ ಮೊದಲಲ್ಲದಿದ್ದರೆ ಭಾರತದಲ್ಲಿ, ಭಾರತದಲ್ಲಿಲ್ಲದಿದ್ದರೆ ಕರ್ನಾಟಕದಲ್ಲಿ, ಅಲ್ಲೂ ಇಲ್ಲದಿದ್ದರೆ ಮಳವಳ್ಳಿ ತಾಲ್ಲೂಕಿನಲ್ಲಿ. ದುಡ್ಡು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳ ಹಾಗೆ ಎದ್ದಿವೆ. ಈ ವಿಷಯಕ್ಕೆ ಒಪ್ಪುವ ಮಾತೇ. ವರದಿಗಾರರು ಫೋನ್ ಮಾಡಿದರೆ ‘ಕೋಶ’ ಎಂಬ ಪದವನ್ನು ಮೂರು ಸಲ ಒತ್ತಿ ಹೇಳಿ. ಅಚ್ಚಾಗಿ ಬರುವಾಗ ಅದೊಂದೇ ಬಿಟ್ಟುಹೋಗಿರುತ್ತದೆ. ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಮ್ಯಾಜಿಕ್ ರೆಮಿಡಿ ಕಾಯಿದೆಯ ಪ್ರಕಾರ ಅಪರಾಧ. ವಾಟ್ಸ್ಆ್ಯಪ್‌ನ ಚಿಕ್ಕಪ್ಪಂದಿರಿಗೆ ಇದು ಅನ್ವಯಿಸಿದ್ದನ್ನು ನಾನು ನೋಡಿಲ್ಲ.

ತೊಂದರೆ ಮತ್ತು ಪರಿಹಾರ

ತೊಂದರೆ: ನೀರಿನ ಕಷಾಯ ಒಂದು ಕೋಶವನ್ನೂ ಕೊಲ್ಲುತ್ತಿಲ್ಲ.

ಚೆಲ್ಲಬೇಡಿ. 1969ರಲ್ಲಿ ಜಪಾನಿನ ಚಿಹಾರ ಮತ್ತು ಸಂಗಡಿಗರು ಶಿಟಾಕೆ ಅಣಬೆಯ ಬಿಸಿನೀರಿನ ರಸದಿಂದ ಲೆಂಟಿನಾನ್ ಎಂಬ ಸಕ್ಕರೆ ಸರಪಳಿಯನ್ನು ಬೇರ್ಪಡಿಸಿದರು. ಇಲಿಗಳ ಗಡ್ಡೆ ಅದರಿಂದ ಕರಗಿತು, ಆದರೆ ಅದು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವಂಥದಲ್ಲ. ಇಲಿಯ ಸ್ವಂತ ರಕ್ಷಣಾ ಪಡೆಯನ್ನು ಅದು ಎಬ್ಬಿಸುತ್ತಿತ್ತು. ಪ್ಲಾಸ್ಟಿಕ್ ತಟ್ಟೆಯಲ್ಲಿ ಎಬ್ಬಿಸಲು ಯಾರಿದ್ದಾರೆ? ಇನ್ನೊಂದು ಅಣಬೆಯ ಪಿಎಸ್‌ಕೆ ಎಂಬ ವಸ್ತುವಿಗೆ ಜಪಾನ್ ಸರ್ಕಾರ 1977ರಲ್ಲಿ ಒಪ್ಪಿಗೆ ಕೊಟ್ಟಿತು, ಲೆಂಟಿನಾನ್‌ಗೆ 1985ರಲ್ಲಿ. ಎರಡನ್ನೂ ಕೊಟ್ಟದ್ದು ಮಾಮೂಲಿ ಚಿಕಿತ್ಸೆಯ ಜೊತೆಗೆ, ಲೆಂಟಿನಾನ್ ಅಂತೂ ಇಂಜೆಕ್ಷನ್ನಿನಲ್ಲಿ. ಅಣಬೆ ಸಂಶೋಧನೆಯಲ್ಲಿ ಬಹುದೂರ ನಡೆದ ಇವು ನಿಮ್ಮ ಹಂತ 5ರಲ್ಲಿ ನಪಾಸಾಗಿ ಕಸದ ಬುಟ್ಟಿ ಸೇರುತ್ತಿದ್ದವು. ಇಷ್ಟು ವರ್ಷ ನಾವು ತಟ್ಟೆಗೆ ಕೇಳುತ್ತಾ ಬಂದದ್ದೇ ತಪ್ಪು ಪ್ರಶ್ನೆ ಇರಬಹುದೇ ಎಂದು ಒಂದು ರಾತ್ರಿ ಅನಿಸಿದರೆ ಗಾಬರಿಯಾಗಬೇಡಿ, ಅದು ಉಪಕರಣದ ದೋಷವಲ್ಲ.

ತೊಂದರೆ: ಹಾಗಾದರೆ ಗಿಡಮೂಲಿಕೆಯೆಲ್ಲ ಸುಳ್ಳೆಂದು ಅನಿಸುತ್ತಿದೆ.

ಅನಿಸಬಾರದು. ಸ್ಮಶಾನದ ಬೇಲಿಯಲ್ಲೂ ಬೆಳೆಯುವ ಕಾಶಿ ಕಣಗಿಲೆಯಿಂದ ಬಂದ ವಿನ್‌ಕ್ರಿಸ್ಟಿನ್ 1963ರಿಂದ ಮಕ್ಕಳ ರಕ್ತ ಕ್ಯಾನ್ಸರಿಗೆ ನಡೆಯುತ್ತಿದೆ, ಇವತ್ತೂ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನಡೆಯುತ್ತಿರುತ್ತದೆ. ಟನ್ನುಗಟ್ಟಲೆ ಎಲೆ ಸೋಸಿ ಕೆಲವೇ ಗ್ರಾಂ ತೆಗೆದು, ಶುದ್ಧ ಮಾಡಿ, ಹೆಸರು ಹಿಡಿದು, ಪ್ರಾಣಿಗೆ, ಮನುಷ್ಯನಿಗೆ, ಅಳತೆ ಇಟ್ಟು ಕೊಟ್ಟು ನೋಡಿದ್ದಾರೆ. ಯಾರೂ ಎಲೆ ರುಬ್ಬಿ ಕುಡಿಸಲಿಲ್ಲ.

ತೊಂದರೆ: ತೋಟದ ಯಜಮಾನರು ಮತ್ತೆ ಬಂದಿದ್ದಾರೆ.

ಇದಕ್ಕೆ ಸಿದ್ಧವಾಗಿರಿ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿರುತ್ತಾರೆ. ಗೊಬ್ಬರದ ಚೀಲದ ತುಂಬ ಅದೇ ಹೊಳೆಯುವ ಅಣಬೆ.

"ಸಾ, ನೀವು ಆವತ್ತು ತಕ್ಕೊಂಡೋದ್ರಲ್ಲ, ಅದು ಕ್ಯಾನ್ಸರ್‌ಗೆ ಆಯ್ತದಂತಲ್ಲ. ನಮ್ಮುಡ್ಗ ಮೊಬೈಲ್‌ನಲ್ಲಿ ತೋರುಸ್ದ. ಮಳವಳ್ಳೀಲಿ ನಮ್ಮಕ್ಕಂಗೆ ಎದೇಲಿ ಗಂಟು, ಬೆಂಗ್ಳೂರಲ್ಲಿ ಎರಡು ಕೀಮೋ ಆಗದೆ. ಒಂದೊತ್ತಿಗೆ ಎಷ್ಟು ಚಮಚ ಕೊಡದು?"

ಮೊದಲು ಕೂರಿಸಿ. ನೀರು ಕೊಡಿ. ಐಸಿ-50, ಎಂಸಿಎಫ್-7 ಅನ್ನಬೇಡಿ. ಚಮಚದ ಲೆಕ್ಕ ನಿಮ್ಮ ಪ್ರಬಂಧದಲ್ಲಿಲ್ಲ, ಯಾರ ಪ್ರಬಂಧದಲ್ಲೂ ಇಲ್ಲ. ಜಗತ್ತಿನಾದ್ಯಂತ ಈ ಅಣಬೆಯನ್ನು ಮನುಷ್ಯರಿಗೆ ಕೊಟ್ಟು ನಡೆಸಿದ ಪ್ರಯೋಗಗಳನ್ನು ಜರಡಿ ಹಿಡಿದ ಕೊಕ್ರೇನ್ ತಂಡಕ್ಕೆ 2016ರಲ್ಲಿ ಸಿಕ್ಕಿದ್ದು ಐದು ಪ್ರಯೋಗ, 373 ರೋಗಿಗಳು. ಚಿಕಿತ್ಸೆಯ ಜೊತೆಗೆ ಕೊಟ್ಟರೆ ಒಂದಿಷ್ಟು ಅನುಕೂಲ ಇರಬಹುದು, ಇದನ್ನೇ ಚಿಕಿತ್ಸೆ ಎನ್ನಲು ಆಧಾರವಿಲ್ಲ ಎಂದರು. ಇದನ್ನು ಅವರ ಭಾಷೆಗೆ ಇಳಿಸಿ ಹೇಳಿ: ಕೀಮೋ ಒಂದು ಸುತ್ತೂ ತಪ್ಪಿಸಬೇಡಿ. ಈ ಪುಡಿ ಕೆಲವರಿಗೆ ಯಕೃತ್ತು ಕೆಡಿಸಿದ್ದುಂಟು, ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡ ಬರುವುದುಂಟು. ಏನೇ ಕೊಡುವುದಿದ್ದರೂ ಅಲ್ಲಿಯ ಡಾಕ್ಟರಿಗೆ ಹೇಳದೆ ಕೊಡಬೇಡಿ. ಅಕ್ಕನಿಗೆ ಹೊಟ್ಟೆಗೆ ಸೇರುವುದನ್ನು ಮಾಡಿಕೊಡಿ.

ಅವರು ಎದುರು ಮಾತಾಡುವುದಿಲ್ಲ. ಚೀಲದ ಬಾಯಿಯನ್ನು ಕೈಯಲ್ಲಿ ತಿರುವುತ್ತಾ ಕೂರುತ್ತಾರೆ. ನಿಮಗೆ ಆ ಕ್ಷಣ ಒಂದು ಚಮಚ ಹೇಳಿಬಿಡೋಣ ಅನಿಸುತ್ತದೆ. ಹೇಳಬೇಡಿ.

"ಆಯ್ತು ಬುಡಿ ಸಾ," ಅನ್ನುತ್ತಾರೆ ಕೊನೆಗೆ. "ಆ ಮರಕ್ಕೆ ಏನ್ ಮಾಡದು, ಅದನ್ನಾರ ಹೇಳಿ."

ಇದು ಗೊತ್ತಿದೆ. ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡಿ. ಸತ್ತ ಮರವನ್ನು ಬುಡ, ಬೇರು ಸಹಿತ ಕಿತ್ತು ಸುಡುವುದು. ರೋಗದ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲ ಕಂದಕ ತೆಗೆಯುವುದು, ಬೇರಿಂದ ಬೇರಿಗೆ ದಾಟದ ಹಾಗೆ. ನೂರಕ್ಕೆ ಒಂದರ ಬೋರ್ಡೋ ದ್ರಾವಣ, ಬುಡ ನೆನೆಯುವಂತೆ 40 ಲೀಟರ್. ವರ್ಷಕ್ಕೊಮ್ಮೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿ, ಅದರಲ್ಲಿ 50 ಗ್ರಾಂ ಟ್ರೈಕೋಡರ್ಮಾ ಬೆರೆಸಿ. ಹೌದು, ಚಿಪ್ಪು ಅಣಬೆಯ ಚೀಲ ಕೆಡಿಸುತ್ತಿದ್ದ ಅದೇ ಹಸಿರು ಬೂಷ್ಟು. ಬೋರ್ಡೋ ಬಿದ್ದ ವಾರವೇ ಅದನ್ನು ಹಾಕಬಾರದು, ಅದೂ ಸಾಯುತ್ತದೆ. ಎಲ್ಲಿ ಸಿಗುತ್ತದೆಂದು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸುವುದು.

ಅವರು ಚೀಟಿಯನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಾರೆ. ಚಪ್ಪಲಿ ಮೆಟ್ಟಿ, ಬಾಗಿಲ ಹತ್ತಿರ ತಿರುಗಿ ನಿಲ್ಲುತ್ತಾರೆ.

"ಪಕ್ಕದ ಮರ ಇನ್ನೂ ಚೆನ್ನಾಗದೆ ಸಾ. ಅದ್ಕೂ ಹಾಕ್ಲಾ?"

"ಹಾಕಿ. ಅದಕ್ಕೇ ಮೊದಲು ಹಾಕಿ."